ಮಡಿಯ ನಾಯಿ ಬಿಸ್ಕತ್ತು

ಹೋದ ತಿಂಗಳು ನಮ್ಮ ಎದುರುಮನೆಯ ಕಾಕು, ಇಡೀ ಬಿಲ್ಡಿಂಗಿನ ಚಿಕ್ಕಮ್ಮ, ತೀರಿಕೊಂಡರು. ಸಂಜೆಯೊಳಗೆ ಸೊಸಾಯಿಟಿಯ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಮೂರನೇ ಮಹಡಿಯ ಬೆಂಗಳೂರಿನ ಹುಡುಗಿ ಅಷ್ಟಕ್ಕೇ ನಿಲ್ಲದೆ ಅವರನ್ನು ‘ಅಪ್ಪಟ ಶ್ವಾನಪ್ರೇಮಿ’ ಎಂದು ಕರೆದು, ಪಕ್ಕದಲ್ಲಿ ನಾಯಿಯ ಪಾದದ ಗುರುತನ್ನೂ ಒತ್ತಿದ್ದಳು. ಇಡೀ ಬಿಲ್ಡಿಂಗು ಹೌದೌದೆಂದು ತಲೆಯಾಡಿಸಿತು. ನನಗೆ ಸಿಟ್ಟು ಬಂತು. ಸತ್ತವರ ಬಗ್ಗೆ ಒಳ್ಳೆಯ ಸುಳ್ಳು ಹೇಳುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹೇಳುವ ಸುಳ್ಳು ಆ ಮನುಷ್ಯರನ್ನು ಸ್ವಲ್ಪವಾದರೂ ಹೋಲಬೇಕು.

ಕಾಕು ನಾಯಿಯನ್ನು ಪ್ರೀತಿಸಿದ್ದನ್ನು ನಾನು ಕಂಡಿಲ್ಲ. ಮುಟ್ಟಿದ್ದನ್ನಂತೂ ಕನಸಿನಲ್ಲೂ ಕಂಡಿಲ್ಲ. ನಮ್ಮ ನಾಯಿ ಬಂಡ್ಯಾ ಮೆಟ್ಟಿಲ ಮೇಲೆ ಎದುರಾದರೆ ಸೀರೆಯ ನೆರಿಗೆ ಎತ್ತಿ ಹಿಡಿದು, ಗೋಡೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. “ಹಿಡೀರಿ ಅದನ್ನ, ಗಟ್ಟಿ ಹಿಡೀರಿ, ನಂದಿನ್ನೂ ಪೂಜಾ ಆಗಿಲ್ಲ” ಎನ್ನುತ್ತಿದ್ದರು. ಭೋರ್ ಎಂಬ ಊರಿಗೆ ಮದುವೆಗೆ ಹೋದಾಗ ಬಸ್‌ಸ್ಟ್ಯಾಂಡಿನಿಂದ ನಾನು ಎತ್ತಿಕೊಂಡು ಬಂದ ಕಂದುಬಣ್ಣದ ಮರಿ ಅದು. ಬಾಲದ ತುದಿ ಸೋಕಿದರೂ ಸಾಕು, ಕಾಕು ಬಂದ ದಾರಿಯಲ್ಲೇ ತಿರುಗಿ ಹೋಗಿ ಮತ್ತೆ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದರು. ನಾಯಿಗೆ ಅವರಿಟ್ಟ ಹೆಸರು ‘ಮುಂಡೇದು’. ಬಂಡ್ಯಾ ಆ ಹೆಸರಿಗೂ ಬಾಲ ಅಲ್ಲಾಡಿಸುತ್ತಿತ್ತು.

ಇಂಥ ಹೆಂಗಸು ನಾಲ್ಕಾರು ವರ್ಷ ಒಂದು ದಿನವೂ ಬೇಸರಿಸದೆ ನಾಯಿಗಳಿಗೆ ಬಿಸ್ಕತ್ತು ಸುಟ್ಟರು ಎಂಬುದು ಮಾತ್ರ ಸತ್ಯ. ಪುಣೆಯ ಬಿಬವೇವಾಡಿಯ ನಮ್ಮ ಓಣಿಯಲ್ಲಿ ಅದನ್ನು ನೋಡದವರಿಲ್ಲ. ಆದರೆ ನೋಡಿದವರೆಲ್ಲ ಅರ್ಧ ನೋಡಿದರು. ಪೂರ್ತಿ ನೋಡಿದವನು ನಾನೊಬ್ಬನೇ ಎಂದು ನಾನು ಬಹಳ ದಿನ ಎದೆಯುಬ್ಬಿಸಿ ತಿರುಗಿದ್ದೆ.

ಕಾಕು ವಿಜಯಪುರದ ಕಡೆಯವರು, ವೈಷ್ಣವರ ಮನೆತನ. ಅವರ ಯಜಮಾನರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಮಾರ್ಕೆಟ್ ಯಾರ್ಡಿನಲ್ಲಿ ಅವರದು ಮೆಣಸಿನಕಾಯಿಯ ಅಡತ್ ಅಂಗಡಿ, ದಲ್ಲಾಳಿ ವ್ಯಾಪಾರ. ಜೀವನಪೂರ್ತಿ ಬ್ಯಾಡಗಿ ಮೆಣಸಿನಕಾಯಿಯ ಚೀಲಗಳ ನಡುವೆ ಕೂತು, ಮನೆಗೆ ಬಂದು ಮತ್ತೆ ಖಾರವನ್ನೇ ಬೇಡುತ್ತಿದ್ದ ಮನುಷ್ಯ. ಊಟಕ್ಕೆ ಕೂತರೆ ತಾಟಿನ ಒಂದು ಬದಿಗೆ ಉಪ್ಪು, ಇನ್ನೊಂದು ಬದಿಗೆ ಉಪ್ಪಿನಕಾಯಿ, ನಡುವೆ ಕೆಂಪು ಚಟ್ನಿ ಬೇಕು. ಮಿಕ್ಕ ಅಡುಗೆ ಏನಿದ್ದರೂ ನಡೆಯುತ್ತಿತ್ತು. ಆದರೆ ಅಡುಗೆ ಚೆನ್ನಾಗಿದೆ ಎಂಬ ಮಾತು ಮಾತ್ರ ಆ ಬಾಯಿಂದ ಹೊರಟಿದ್ದಿಲ್ಲ. ಹೆಂಡತಿಯನ್ನು ಹೊಗಳಿದರೆ ಮರುದಿನದ ಅಡುಗೆ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ಸುಮ್ಮನೆ ಉಂಡು ಎದ್ದರೆ ಚೆನ್ನಾಗಿತ್ತು ಎಂದೇ ತಿಳಿಯಬೇಕು.

“ಇವರ ಬಾಯಾಗ ಛಲೋ ಅಂಬೋ ಮಾತು ಬರೋದು ಮೆಣಸಿನಕಾಯಿ ಚೀಲಕ್ಕಷ್ಟ ನೋಡ್ರಿ,” ಎಂದು ಕಾಕು ಒಮ್ಮೆ ನನ್ನ ಹೆಂಡತಿಯ ಎದುರು ಅಂದಿದ್ದರು. “ನಾ ಹೋಗೂದರೊಳಗ ಒಮ್ಮ್ಯಾದ್ರೂ ಕೇಳಬೇಕಂತದ ಜೀವ.” ನಗುತ್ತಲೇ ಅಂದಿದ್ದರು. ನನ್ನ ಹೆಂಡತಿಯೂ ನಕ್ಕಳು. ಮನೆಗೆ ಬಂದು ನನ್ನನ್ನು ಯಾಕೋ ಒಂದು ಥರ ನೋಡಿದಳು.

ಹೀಗಿರುವಾಗ ಒಂದು ದಿನ ರಾಯರು ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯಿಂದ ಬರುವಾಗ ಡಾಕ್ಟರು ಉಪ್ಪು, ಎಣ್ಣೆ, ಉಪ್ಪಿನಕಾಯಿ, ಭಜ್ಜಿ ಎಲ್ಲಕ್ಕೂ ಕೈಮುಗಿಸಿ ಕಳಿಸಿದರು. ಅಲ್ಲಿಂದ ಶುರುವಾಯಿತು ನೋಡಿ. ಕಾಕು ಉಪ್ಪಿಲ್ಲದ ಗಂಜಿ ಮಾಡಿದರೆ ರಾಯರು ಮುಖ ತಿರುಗಿಸುತ್ತಿದ್ದರು. ಉಪ್ಪಿಲ್ಲದ ರೊಟ್ಟಿ ಮಾಡಿದರೆ ತಾಟು ಸರಿಸುತ್ತಿದ್ದರು. ಎರಡು ತುತ್ತು ನುಂಗಿ, ಸಾಕು ಎಂದು ಎದ್ದುಬಿಡುತ್ತಿದ್ದರು. ಅಂಗಿಯ ಕಾಲರಿನಲ್ಲಿ ಕುತ್ತಿಗೆ ಅಲ್ಲಾಡತೊಡಗಿತು. ಕಾಕು ಒಂದು ಮಧ್ಯಾಹ್ನ ನಮ್ಮ ಬಾಗಿಲಲ್ಲಿ ನಿಂತು, “ಹಿಂಗಾದ್ರ ಇವರು ಎದೀಬ್ಯಾನಿಂದಲ್ಲ, ಹಸಿವಿಲೆ ಹೋಗ್ತಾರ,” ಎಂದರು. ಆಗ ನಗಲಿಲ್ಲ. ಅವರಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಎದುರುಮನೆಯಿಂದ ರಾಯರ ದನಿ ಕೇಳಿಸಿತು. “ಇದನ್ನ ನಾಯೀನೂ ಮೂಸಂಗಿಲ್ಲ.”

ಕ್ಷಣದಲ್ಲಿ ಕಾಕು ನಮ್ಮ ಹೊಸ್ತಿಲ ಹೊರಗೆ ನಿಂತಿದ್ದರು. ಕೈಯಲ್ಲಿ ಸ್ಟೀಲಿನ ತಾಟು. ತಾಟಿನಲ್ಲಿ ಸಜ್ಜೆಹಿಟ್ಟಿಗೆ ಕುಂಬಳಕಾಯಿ ಕಲಸಿ ತಟ್ಟಿದ, ಉಪ್ಪು ಕಾಣದ ರೊಟ್ಟಿ.

“ನಿಮ್ಮ ನಾಯಿ ಎಲ್ಲದ?”

“ಯಾಕ್ರಿ ಕಾಕು?”

“ಮೂಸತದೋ ಇಲ್ಲೋ ನೋಡಬೇಕಾಗೇದ.”

ತಾಟನ್ನು ನೆಲದ ಮೇಲಿಟ್ಟು, ಕಾಲಿನಿಂದ ನಮ್ಮ ಕಡೆ ಸರಿಸಿ, ತಾವು ಎರಡು ಮಾರು ಹಿಂದೆ ಹೋಗಿ ನಿಂತರು. ಬಂಡ್ಯಾ ಬಂತು. ಮೂಸುವ ಶಾಸ್ತ್ರಕ್ಕೆಲ್ಲ ಹೋಗದೆ ನೇರವಾಗಿ ತಿಂದು, ತಾಟನ್ನು ನೆಕ್ಕುತ್ತ ನೆಕ್ಕುತ್ತ ಅಡುಗೆಮನೆಯವರೆಗೂ ತಳ್ಳಿಕೊಂಡು ಹೋಯಿತು. ಕಾಕು ತಮ್ಮ ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು. “ಕೇಳಿಸಿತೇನು? ನಾಯಿ ಮೂಸಲಿಲ್ಲ. ತಿಂದು ತಾಟು ನೆಕ್ಕೇದ.”

ಒಳಗಿನಿಂದ ಉತ್ತರ ಬಂತು. “ಹಂಗಾದ್ರ ನಾಯಿಗೇ ಮಾಡಿ ಹಾಕು.”

“ಹಾಕತೇನಿ,” ಎಂದರು ಕಾಕು.

ನಾಯಿ ನೆಕ್ಕಿದ ತಾಟು ಆ ಮನೆಗೆ ಮರಳಿ ಹೋಗುವ ಹಾಗಿರಲಿಲ್ಲ. ಈಗಲೂ ನಮ್ಮಲ್ಲೇ ಇದೆ. ಅದರ ಅಂಚಿನಲ್ಲಿ ರಾಯರ ಪೂರ್ತಿ ಹೆಸರು ಕೆತ್ತಿದೆ, ಮದುವೆಯಲ್ಲಿ ಬಂದದ್ದಂತೆ. ಬಂಡ್ಯಾ ಇವತ್ತಿಗೂ ಅದರಲ್ಲೇ ಉಣ್ಣುತ್ತದೆ.

ಮರುದಿನವೇ ಕಾಕು ನನ್ನನ್ನು ನಾಯಿಯ ಡಾಕ್ಟರ ಹತ್ತಿರ ಅಟ್ಟಿದರು. ನಾಯಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಕೇಳಿಕೊಂಡು ಬರಬೇಕು. ನಾನು ಬಂದು ವರದಿ ಒಪ್ಪಿಸಿದೆ. ಉಳ್ಳಾಗಡ್ಡಿ ಕೂಡದು, ಬಳ್ಳೊಳ್ಳಿ ಕೂಡದು, ಉಪ್ಪು ಬೇಡ, ಸಕ್ಕರೆ ಬೇಡ, ದ್ರಾಕ್ಷಿ, ಚಾಕಲೇಟು ವಿಷ. ಕಾಕು ಗಲ್ಲಕ್ಕೆ ಕೈಹಚ್ಚಿ ಕೇಳಿದರು.

“ಉಳ್ಳಾಗಡ್ಡಿ ಬಳ್ಳೊಳ್ಳಿ ಕೂಡದಂದ್ರ ನಾಯಿ ನಮ್ಮ ಪೈಕೀನೇ ಅಂತಾತು,” ಎಂದರು.

ಪುಣೆಗೆ ಬಂದಾಗಿನಿಂದ ಆ ಹೆಂಗಸನ್ನು ಜನ ಹಂಗಿಸಿದ್ದೇ ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ಈ ಕಾರಣಕ್ಕೆ. ಬಿಲ್ಡಿಂಗಿನ ಹೆಂಗಸರು ಚೀಟಿ ಹಾಕಲು ಸೇರುವ ಭಿಶಿಯಲ್ಲಿ, ಗಣಪತಿಯ ಪ್ರಸಾದದಲ್ಲಿ, ಎಲ್ಲ ಕಡೆ ಕಾಕು ಅವರ ಸಪ್ಪೆ ಅಡುಗೆ ನಗೆಪಾಟಲು. ಈಗ ಅದೇ ಅಡುಗೆಗೆ ನಾಯಿ ಡಾಕ್ಟರು ನೂರಕ್ಕೆ ನೂರು ಅಂಕ ಕೊಟ್ಟಿದ್ದರು.

ಬಿಸ್ಕತ್ತು ಸುಡುವ ಕ್ರಮ ಹೇಳಿದರೆ ನೀವು ನಂಬುವುದಿಲ್ಲ. ಓವನ್ ಎಂಬುದು ಆ ಮನೆಗೆ ಬಂದಿರಲಿಲ್ಲ. ಅದರಲ್ಲಿ ಮೊಟ್ಟೆಯ ಕೇಕು ಮಾಡುತ್ತಾರೆ, ಹಾಗಾಗಿ ಅದು ಹುಟ್ಟಿನಿಂದಲೇ ಮೈಲಿಗೆ. ಕಾಕು ಹಳೆಯ ಕುಕ್ಕರಿನ ಸೀಟಿ, ರಬ್ಬರು ಎರಡನ್ನೂ ತೆಗೆದು, ತಳದಲ್ಲಿ ಒಂದು ಪದರ ಉಪ್ಪು ಹರವುತ್ತಿದ್ದರು. ರಾಯರಿಗೆ ನಿಷೇಧವಾದ ಮೇಲೆ ಭರಣಿಯಲ್ಲಿ ದಿಕ್ಕಿಲ್ಲದೆ ಉಳಿದಿದ್ದ ಹರಳುಪ್ಪು ಅದು. ಉಪ್ಪು ಕಾದ ಮೇಲೆ ಅದರೊಳಗೆ ಒಂದು ತಟ್ಟೆ, ತಟ್ಟೆಯ ಮೇಲೆ ಬಿಸ್ಕತ್ತು. ಸಜ್ಜೆಹಿಟ್ಟು, ಬೇಯಿಸಿದ ಕುಂಬಳಕಾಯಿ, ಹುರಿದ ಶೇಂಗಾದ ಪುಡಿ, ಅಗಸೆ. ಅಷ್ಟು ಉಪ್ಪಿನ ಮೇಲೆ ಕೂತು ಬೆಂದರೂ ಒಂದು ಹರಳು ಉಪ್ಪು ತಾಗಿಸಿಕೊಳ್ಳದೆ ಅವು ಹೊರಗೆ ಬರುತ್ತಿದ್ದವು.

ದೇವರ ಪ್ರಶ್ನೆ ಅದಕ್ಕಿಂತ ತೊಡಕಿನದು. ಆ ಮನೆಯ ಒಲೆಯ ಮೇಲೆ ಬೆಂದದ್ದೆಲ್ಲ ಮೊದಲು ದೇವರಿಗೆ ಹೋಗಬೇಕು. ನಾಯಿಯ ಬಿಸ್ಕತ್ತನ್ನು ದೇವರ ಮುಂದೆ ಇಡುವುದು ಹೇಗೆ, ಇಡದೇ ಇರುವುದು ಹೇಗೆ? ಕಾಕು ಒಂದು ದಾರಿ ಕಂಡುಕೊಂಡರು. ಊಟವೆಲ್ಲ ಮುಗಿದ ಮೇಲೆ ದೇವರಮನೆಯ ಪರದೆ ಎಳೆದು, “ಮಲಕೋಪಾ, ಇದು ನಿನಗಲ್ಲ,” ಎಂದು ಹೇಳಿ ಹಿಟ್ಟಿಗೆ ಕೈಹಾಕುತ್ತಿದ್ದರು. ದೇವರಿಗೆ ಮಧ್ಯಾಹ್ನದ ನಿದ್ದೆ ರೂಢಿಯಾಯಿತು. ಏಕಾದಶಿಗೆ ಒಲೆ ಇಲ್ಲ, ಆದ್ದರಿಂದ ಬಂಡ್ಯಾಗೂ ಏಕಾದಶಿ. ಚಾತುರ್ಮಾಸದ ಮೊದಲ ತಿಂಗಳು ಮನೆಯಲ್ಲಿ ತರಕಾರಿ ಬಿಟ್ಟರೆ ಬಿಸ್ಕತ್ತಿನಲ್ಲೂ ಕುಂಬಳಕಾಯಿ ಮಾಯ. ನಮ್ಮ ಪೈಕಿ ಯಾರೂ ಪಾಲಿಸದ ವ್ರತವನ್ನು ನನ್ನ ನಾಯಿ ಪಾಲಿಸುತ್ತಿತ್ತು.

ಬೆಂಗಳೂರಿನ ಹುಡುಗಿ ಬಂದದ್ದು ಆಗ. ಅವಳದೊಂದು ಬಿಳಿ ನಾಯಿ, ರೇಷ್ಮೆಯಂಥ ಕೂದಲಿನದು, ಏನು ಕೊಟ್ಟರೂ ವಾಂತಿ. ಕಾಕು ಅವರ ಬಿಸ್ಕತ್ತು ಅದಕ್ಕೆ ಹಿಡಿಸಿಬಿಟ್ಟಿತು. ಸಂತೋಷಕ್ಕೆ ಆಕೆ ಎಲುಬಿನ ಆಕಾರದ ಒಂದು ಅಚ್ಚು ತಂದುಕೊಟ್ಟಳು.

“ಆಂಟಿ, ಇದ್ರಲ್ಲಿ ಕಟ್ ಮಾಡಿದ್ರೆ ತುಂಬಾ ಕ್ಯೂಟಾಗಿರತ್ತೆ. ನೀವು ಆನ್‌ಲೈನ್ ಸೇಲ್ ಮಾಡ್ಬೋದು. ಪ್ಯಾಕಿಂಗ್, ಫೋಟೋ ಎಲ್ಲಾ ನಾನ್ ನೋಡ್ಕೋತೀನಿ.”

ಕಾಕು ಆ ಅಚ್ಚನ್ನು ದೂರದಿಂದಲೇ ನೋಡಿದರು. “ಎಲುಬು ಏನವಾ ಇದು? ನಮ್ಮ ಅಡಿಗೀಮನ್ಯಾಗ?” ಎಂದರು. ಆಮೇಲೆ ಮೃದುವಾಗಿ, “ಮಾರೂದು ನಮ್ಮ ಮನ್ಯಾಗ ಅವರ ಕೆಲಸ. ನಂದು ಮಾಡೂದಷ್ಟ,” ಎಂದರು. ಬಿಸ್ಕತ್ತು ಕಡೆಯವರೆಗೂ ಶಂಕರಪಾಳಿಯ ಆಕಾರದಲ್ಲೇ ಉಳಿಯಿತು.

ಈಗ ಸಾಗಾಣಿಕೆಯ ವಿಚಾರ. ಮಾಡುವುದು ಸರಿ, ನಾಯಿಗೆ ಹಾಕುವವರು ಯಾರು? ಕಾಕು ಹತ್ತಿರ ಬರುವ ಹಾಗಿಲ್ಲ. ಆ ಕೆಲಸ ರಾಯರ ಪಾಲಿಗೆ ಬಂತು. ದಿನಾ ಸಂಜೆ ಕಾಕು ಸ್ಟೀಲಿನ ಡಬ್ಬಿ ಕೈಗಿಟ್ಟು, “ನಾಯಿಗೆ ಹಾಕಿ ಬರ್ರಿ. ನಾನಂತೂ ಮುಟ್ಟಂಗಿಲ್ಲ,” ಎನ್ನುತ್ತಿದ್ದರು. ರಾಯರು ಗೊಣಗುತ್ತ ಇಳಿಯುತ್ತಿದ್ದರು. ಬಿಲ್ಡಿಂಗಿನ ಹಿಂಬದಿಗೆ, ಅವರ ಅಡುಗೆಮನೆಯ ಕಿಟಕಿಯ ಕೆಳಗೆ, ಒಂದು ಸಿಮೆಂಟಿನ ಬೆಂಚಿದೆ. ನಾನು ಲಾರಿ ಆಫೀಸಿನಿಂದ ಬಂದು ಬಂಡ್ಯಾನನ್ನು ಹಿಡಿದುಕೊಂಡು ಅಲ್ಲಿ ಕೂತಿರುತ್ತಿದ್ದೆ.

ಮೊದಲನೆಯ ವಾರ ರಾಯರು ಬಿಸ್ಕತ್ತನ್ನು ಎರಡು ಬೆರಳಲ್ಲಿ ಹಿಡಿದು ಎಸೆಯುತ್ತಿದ್ದರು. ಎರಡನೆಯ ವಾರ ಎಸೆಯುವ ಮುನ್ನ ಒಮ್ಮೆ ಮೂಸಿದರು. ಆಮೇಲೊಂದು ಸಂಜೆ ನನ್ನ ಮುಖ ನೋಡಿ, ಅತ್ತ ಇತ್ತ ನೋಡಿ, ಒಂದನ್ನು ಬಾಯಿಗೆ ಹಾಕಿಕೊಂಡರು. ಕಟಕಟ ಸದ್ದಾಯಿತು. ಬಂಡ್ಯಾ ಬಾಯಿ ಬಿಟ್ಟುಕೊಂಡು ನೋಡಿತು. ನಾನೂ ನೋಡಿದೆ.

“ಅಲಾ, ಭಾಳ ಛಲೋ ಆಗ್ಯಾವಲ್ರಿ,” ಎಂದರು ರಾಯರು. ಇನ್ನೊಂದು ತೆಗೆದರು. “ಗಂಜಿ ಮಾಡಂದ್ರ ಗೋಡೆಗೆ ಕಾಗದ ಹಚ್ಚೋ ಅಂಟು ಮಾಡ್ತಾಳ. ನಾಯಿಗೆ ನೋಡ್ರಿ, ಹೆಂಥಾ ಗರಿಗರಿ ಮಾಡ್ಯಾಳ.”

“ಕಾಕುಗ ಹೇಳ್ಲಿ?”

“ಏಯ್, ಬ್ಯಾಡ್ರಿ. ನಾಯಿ ಬಿಸ್ಕತ್ತ ತಿಂದ್ರಂತ ಮನ್ಯಾಗ ಮಾನ ಉಳೀತದೇನು? ಛಲೋ ಅದಾವ ಅಂದಿದ್ದನ್ನಂತೂ ಹೇಳಲೇಬ್ಯಾಡ್ರಿ.”

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಅಲ್ಲಿಂದ ಅದು ನಿತ್ಯದ ಪದ್ಧತಿಯಾಯಿತು. ಬಂಡ್ಯಾಗೆ ಒಂದು, ರಾಯರಿಗೆ ಎರಡು. ಮಧ್ಯಾಹ್ನ ಉಣ್ಣದೆ ಬಿಟ್ಟ ಗಂಜಿಯನ್ನು ಅವರು ಇನ್ನೊಂದು ಡಬ್ಬಿಯಲ್ಲಿ ಮುಚ್ಚಿ ತಂದು ನಾಯಿಯ ಮುಂದೆ ಸುರಿಯುತ್ತಿದ್ದರು. ಹೃದ್ರೋಗಿಯ ಪಥ್ಯ ನಾಯಿಗೆ, ನಾಯಿಯ ತಿಂಡಿ ಹೃದ್ರೋಗಿಗೆ. ರಾಯರ ಅಂಗಿ ತಿರುಗಿ ತುಂಬಿಕೊಂಡಿತು. ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರು ಬೆನ್ನು ತಟ್ಟಿ, ಪಥ್ಯ ಚೆನ್ನಾಗಿ ಮಾಡಿದ್ದೀರಿ ಎಂದರಂತೆ. ರಾಯರು ಅದನ್ನು ಬೆಂಚಿನ ಮೇಲೆ ಕೂತು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಾವಿಬ್ಬರೂ ಒಂದು ಸಂಗತಿಗೆ ಮಾತ್ರ ಬೆರಗಾಗುತ್ತಿದ್ದೆವು. ಒಂದು ಸಂಜೆ ರಾಯರು, “ಒಂದೀಟ ಜೀರಗಿ ಬಿದ್ದಿದ್ರ ಇನ್ನೂ ಛಲೋ ಆಗ್ತಿತ್ತು,” ಎಂದರು. ಮರುದಿನದ ಬಿಸ್ಕತ್ತಿನಲ್ಲಿ ಜೀರಿಗೆ ಇತ್ತು. ಇನ್ನೊಮ್ಮೆ ಶೇಂಗಾ ತರಿತರಿಯಾಗಿರಬೇಕು ಎಂದರೆ ಎರಡು ದಿನದಲ್ಲಿ ತರಿತರಿ ಶೇಂಗಾ. ಮೆಟ್ಟಿಲ ಮೇಲೆ ಸಿಕ್ಕಾಗ ಕಾಕು ಗಂಭೀರವಾಗಿ ಕೇಳುತ್ತಿದ್ದರು. “ನಿನ್ನೆ ಜೀರಗಿ ಹಾಕಿದ್ದೆ. ಆ ಮುಂಡೇದಕ್ಕ ಸೇರಿತೇನ್ರಿ?”

“ಸೇರಿತ್ರಿ ಕಾಕು, ಭಾಳ ಸೇರಿತು.”

“ಅದರ ನಾಲಿಗಿ ನನಗ ಗೊತ್ತದ ಬಿಡ್ರಿ.”

ರಾಯರಿಗೂ ಇದನ್ನು ಹೇಳಿದೆ. ನಾವು ಇಬ್ಬರು ದೊಡ್ಡ ಮನುಷ್ಯರು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಚರ್ಚಿಸಿ, ಬಂಡ್ಯಾನ ನಾಲಿಗೆಯೂ ರಾಯರ ನಾಲಿಗೆಯೂ ಒಂದೇ ಮಾದರಿಯವು ಎಂಬ ನಿರ್ಣಯಕ್ಕೆ ಬಂದೆವು. ಮೇಲೆ ಅಡುಗೆಮನೆಯ ಕಿಟಕಿ ಕತ್ತಲಾಗಿರುತ್ತಿತ್ತು. ಆ ಹೊತ್ತಿಗೆ ಕಾಕು ದೇವರ ಮುಂದೆ ಜಪಕ್ಕೆ ಕೂತಿರುತ್ತಾರೆ ಎಂದು ರಾಯರು ಹೇಳಿದ್ದರು. ಅವರು ಹೇಳಿದ ಮೇಲೆ ನಾನೇಕೆ ತಲೆ ಕೆಡಿಸಿಕೊಳ್ಳಲಿ?

ಇಂಥ ಗುಟ್ಟು ಬಿಲ್ಡಿಂಗಿನಲ್ಲಿ ಎಷ್ಟು ದಿನ ಉಳಿದೀತು? ವಾಚ್‌ಮನ್ ಕಂಡ, ಅವನಿಂದ ನಾಲ್ಕು ಮನೆಗೆ ಹರಡಿತು. ಪಾಪ, ಕಾಕು ನಾಯಿಗೆಂದು ಮಾಡಿ ಸಾಯುತ್ತಾರೆ, ಗಂಡ ಕಣ್ಣಿಗೆ ಮಣ್ಣೆರಚಿ ತಿನ್ನುತ್ತಾನೆ ಎಂದು ಹೆಂಗಸರು ಮುಸಿಮುಸಿ ನಗುತ್ತಿದ್ದರು. ಕಾಕು ಎದುರಿಗೆ ಬಂದರೆ ನಗು ನುಂಗುತ್ತಿದ್ದರು. ಕಾಕು ಯಾರನ್ನೂ ಏನೂ ಕೇಳದೆ ಹೂವಿನ ಪುಟ್ಟಿ ಹಿಡಿದು ನಡೆದುಹೋಗುತ್ತಿದ್ದರು.

ಹೀಗೆ ವರ್ಷಗಳು ಕಳೆದವು. ಡಾಕ್ಟರು ಕೊಟ್ಟ ಆಯುಷ್ಯಕ್ಕಿಂತ ಹೆಚ್ಚೇ ಬದುಕಿ, ಒಂದು ಮಧ್ಯಾಹ್ನ ನಿದ್ದೆಯಲ್ಲಿ ರಾಯರು ಹೋದರು. ಮಕ್ಕಳಿರಲಿಲ್ಲ. ಸೊಲ್ಲಾಪುರದಿಂದ ತಮ್ಮನ ಮಗ ಬಂದು ಕರ್ಮಕ್ಕೆ ನಿಂತ. ಅವನಿಗೆ ಪುಣೆಯ ದಾರಿಗಳು ಗೊತ್ತಿಲ್ಲ, ಹತ್ತನೇ ದಿನ ನದಿಯ ಘಾಟಿಗೆ ನಾನೂ ಜೊತೆಗೆ ಹೋಗಬೇಕಾಯಿತು. ಹೊರಡುವಾಗ ಕಾಕು ಬಾಗಿಲಿಗೆ ಬಂದು ಕಾಗದದಲ್ಲಿ ಸುತ್ತಿದ ಸಣ್ಣ ಪೊಟ್ಟಣವೊಂದನ್ನು ನನ್ನ ಕೈಗೆ ಹಾಕಿದರು.

“ಕಾಗಿ ಬರಲಿಲ್ಲಂದ್ರ ಇದನ್ನ ಇಡ್ರಿ. ತಾನಾಗೇ ಬಂದ್ರ, ತಂದು ನಿಮ್ಮ ನಾಯಿಗೆ ಹಾಕಿಬಿಡ್ರಿ.”

ನಾನು ಜೇಬಿಗೆ ಹಾಕಿಕೊಂಡು ಮರೆತೆ. ಘಾಟಿನಲ್ಲಿ ಪಿಂಡ ಇಟ್ಟಾಯಿತು. ಕಾಗೆಗಳಿಗೇನು ಬರ, ಗೋಡೆಯ ತುಂಬ ಕೂತಿದ್ದವು. ಆದರೆ ಒಂದೂ ಇಳಿಯಲೊಲ್ಲದು. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅಲ್ಲಿಯವರೂ ನಂಬುತ್ತಾರೆ, ನಮ್ಮವರೂ ನಂಬುತ್ತಾರೆ. ತಮ್ಮನ ಮಗ ದೊಡ್ಡಪ್ಪನ ರುಚಿ ಬಲ್ಲವನು. ಓಡಿಹೋಗಿ ಬಿಸಿ ಮೆಣಸಿನಕಾಯಿ ಭಜ್ಜಿ ತಂದಿಟ್ಟ. ಉಪ್ಪಿನಕಾಯಿ ಇಟ್ಟ. ಖಾರದ ಚುರುಮುರಿ ಇಟ್ಟ. ಕಾಗೆಗಳು ಕತ್ತು ಕೊಂಕಿಸಿ ನೋಡಿ ಸುಮ್ಮನಾದವು. ಅವನು ಕೈಮುಗಿದು, “ದೊಡ್ಡಪ್ಪ, ಅಂಗಡಿ ಕಾಳಜಿ ಬ್ಯಾಡ, ದೊಡ್ಡಮ್ಮನ ಕಾಳಜಿ ಬ್ಯಾಡ, ನಾವಿದ್ದೀವಿ,” ಎಂದ. ಆಗಲೂ ಇಲ್ಲ. ಬಿಸಿಲೇರಿತು. ಕರ್ಮ ಮಾಡಿಸುತ್ತಿದ್ದ ಗುರುಗಳು ಮರಾಠಿಯಲ್ಲಿ, “ಕಾಹೀತರೀ ಇಚ್ಛಾ ರಾಹಿಲೀ ಆಹೇ,” ಏನೋ ಆಸೆ ಉಳಿದಿದೆ ಎಂದು ತಲೆಯಾಡಿಸಿ, ದರ್ಭೆಯಲ್ಲೇ ಒಂದು ಕಾಗೆ ಮಾಡಿ ಮುಗಿಸುವ ತಯಾರಿ ನಡೆಸಿದರು.

ಆಗ ನನಗೆ ಪೊಟ್ಟಣದ ನೆನಪಾಯಿತು. ಬಿಚ್ಚಿದೆ. ಶಂಕರಪಾಳಿಯ ಆಕಾರದ ಎರಡು ಬಿಸ್ಕತ್ತು, ಮೇಲೆ ಜೀರಿಗೆ. ಸೂತಕದ ಮನೆಯಲ್ಲಿ ಹೊಸದಾಗಿ ಸುಟ್ಟಿರಲಾರರು, ರಾಯರಿರುವಾಗ ಮಾಡಿದ್ದರಲ್ಲೇ ಡಬ್ಬಿಯ ತಳದಲ್ಲಿ ಉಳಿದವು. ಅವನ್ನು ಕೈಯಲ್ಲಿ ಹಿಡಿದು ನಾನು ಹಾಗೇ ನಿಂತುಬಿಟ್ಟೆ. ಅಷ್ಟು ವರ್ಷ ಯಾರು ಯಾರ ಕಣ್ಣಿಗೆ ಮಣ್ಣೆರಚಿದರು ಎಂಬುದು ಆ ಬಿಸಿಲಿನಲ್ಲಿ ನಿಧಾನವಾಗಿ ನನ್ನ ತಲೆಗೆ ಇಳಿಯಿತು. ಗುರುಗಳು, “ಏನದು?” ಎಂದು ಕೇಳಿದರು. ನಾಯಿ ಬಿಸ್ಕತ್ತು ಎನ್ನುವ ಧೈರ್ಯವಾಗಲಿಲ್ಲ. ಮನೆಯಲ್ಲಿ ಮಾಡಿದ್ದು ಎಂದೆ. ಪಿಂಡದ ಪಕ್ಕ ಇಟ್ಟು ಹಿಂದೆ ಸರಿಯುವಷ್ಟರಲ್ಲಿ ಒಂದು ಕಾಗೆ ಇಳಿದು, ಭಜ್ಜಿಯನ್ನು ದಾಟಿ ಬಂದು, ಬಿಸ್ಕತ್ತನ್ನು ಕಚ್ಚಿಕೊಂಡು ಹಾರಿತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಬಿಸಿಲಿನ ತಲೆಗೆ ಕಟ್ಟಿದೆ.

ಮನೆಗೆ ಬಂದಾಗ ಕಾಕು ಒಬ್ಬರೇ ಅಡುಗೆಮನೆಯಲ್ಲಿ ನಿಂತಿದ್ದರು.

“ಕಾಗಿ ಮುಟ್ಟಿತೇನು?”

“ಮುಟ್ಟಿತ್ರಿ ಕಾಕು.”

“ಭಜ್ಜಿಗೋ?”

“ಅಲ್ರಿ. ನಿಮ್ಮದಕ್ಕ.”

ಕಾಕು ತಲೆಯಾಡಿಸಿದರು. ರಾಯರಿಗೆ ಕೊಟ್ಟ ಮಾತು ರಾಯರ ಜೊತೆಗೇ ಹೋಯಿತು ಎಂದುಕೊಂಡು ಹೇಳಿಬಿಟ್ಟೆ. “ಕಾಕು, ರಾಯರು ದಿನಾ ಸಂಜೀಕ ಅಂತಿದ್ರು, ಭಾಳ ಛಲೋ ಆಗ್ಯಾವ ಅಂತ. ಒಂದಿನಾನೂ ತಪ್ಪಿಸಿಲ್ಲ. ನಿಮಗ ಹೇಳಬ್ಯಾಡಂತ ನನಗ ತಾಕೀತು ಮಾಡಿದ್ರು.”

ಕಾಕು ಕಿಟಕಿಯ ಕದ ತೆರೆದರು. ಕೆಳಗೆ, ಕೈಯಳತೆಯಲ್ಲೇ ಎಂಬಂತೆ, ನಮ್ಮ ಬೆಂಚು ಕಂಡಿತು. ಬಂಡ್ಯಾ ಆಗಲೇ ಬಂದು ಅಲ್ಲಿ ಕೂತಿತ್ತು.

“ಗೊತ್ತದ್ರಿ,” ಎಂದರು. “ದೀಪಾ ಆರಿಸಿ ಇಲ್ಲೇ ನಿಂದರತಿದ್ದೆ.”

“ಮತ್ತ ಒಂದಿನಾನೂ ಬಾಯಿ ಬಿಡಲಿಲ್ಲಲ್ರಿ ನೀವು?”

“ಬಿಟ್ಟಿದ್ರ ನಿಲ್ಲಿಸಿಬಿಡತಿದ್ರು,” ಎಂದರು ಕಾಕು. “ತಿನ್ನೂದನ್ನೂ, ಛಲೋ ಅನ್ನೂದನ್ನೂ.”